ಕರೆ ಬರುವ ತನಕ: ದತ್ತು ಮಗುವಿಗೆ ಕಾಯುತ್ತಾ ಕೆಲಸಕ್ಕೂ ಹೋಗುವವರಿಗೆ

ಬಸುರಿಯಾದರೆ ಒಂಬತ್ತು ತಿಂಗಳ ಲೆಕ್ಕ ಇರುತ್ತದೆ. ಆಫೀಸಿನಲ್ಲಿ ತಾರೀಖು ಹೇಳಬಹುದು. ನಮ್ಮ ಜಾಗಕ್ಕೆ ಒಬ್ಬರನ್ನು ತಯಾರು ಮಾಡಬಹುದು. ದತ್ತು ಮಗುವಿಗೆ ಕಾಯುವವರ ಹತ್ತಿರ ತಾರೀಖೇ ಇಲ್ಲ. ನಾವು ಹೆಸರು ಕೊಟ್ಟಿದ್ದು 2020ರ ನವೆಂಬರ್‌ನಲ್ಲಿ, ಮಗಳು ಮನೆಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟೂ ದಿನ ನಾನು ಜಯನಗರದ ಒಂದು ಆಡಿಟರ್ ಆಫೀಸಿಗೂ, ನನ್ನ ಗಂಡ ಪೀಣ್ಯದ ಒಂದು ಕಾರ್ಖಾನೆಗೂ ಹೋಗಿ ಬರುತ್ತಿದ್ದೆವು. ಕಾಯುವುದು ಅಂದರೆ ಸುಮ್ನೆ ಕೂರುವುದು ಅಂದುಕೊಂಡು ಶುರು ಮಾಡಿದೆವು. ಅಲ್ಲೇ ನಾವು ಎಡವಿದ್ದು. ಮಾಡಿಟ್ಟುಕೊಳ್ಳಬೇಕಾದ ಕೆಲಸ ತುಂಬಾ ಇತ್ತು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆಫೀಸಿಗೆ ಸಂಬಂಧಪಟ್ಟದ್ದು.

ಬೆಂಗಳೂರಲ್ಲಿದ್ದು, ಸಂಬಳಕ್ಕೆ ದುಡಿಯುತ್ತಾ, ಕ್ಯೂನಲ್ಲಿ ನಿಂತವರಿಗೆ ಅಥವಾ ನಿಲ್ಲಬೇಕು ಅಂದುಕೊಂಡವರಿಗೆ ಇದನ್ನು ಬರೆಯುತ್ತಿದ್ದೇನೆ.

ಹೊರದೇಶದಿಂದ ಮಗು ತರಬಹುದಾ?

ಈ ಪ್ರಶ್ನೆಯನ್ನು ನನಗೆ ಆಫೀಸಿನಲ್ಲೇ ಮೂರು ಜನ ಕೇಳಿದ್ದಾರೆ. ಇಲ್ಲಿ ಮೂರು ವರ್ಷ ಕಾಯಬೇಕು ಅಂದ ಕೂಡಲೇ "ಹಾಗಾದರೆ ಬೇರೆ ದೇಶದಿಂದ ತಂದುಬಿಡಿ" ಅನ್ನುತ್ತಾರೆ, ಏನೋ ಫೋನ್ ತರಿಸಿದ ಹಾಗೆ!

ಕಾನೂನಿನಲ್ಲಿ ದಾರಿ ಇದೆ. ಆದರೆ ಅದು ಹತ್ತಿರದ ದಾರಿ ಅಲ್ಲ. ಮೊದಲು ಆ ದೇಶದ ಕಾನೂನಿನ ಪ್ರಕಾರ ದತ್ತು ಪ್ರಕ್ರಿಯೆ ಅಲ್ಲೇ ಮುಗಿಯಬೇಕು. ಆ ದೇಶ ಹೇಗ್ ಒಪ್ಪಂದದಲ್ಲಿದ್ದರೆ (ದೇಶದಿಂದ ದೇಶಕ್ಕೆ ದತ್ತು ಹೋಗುವ ಮಕ್ಕಳ ಬಗ್ಗೆ ಹಲವು ದೇಶಗಳು ಮಾಡಿಕೊಂಡ ಒಪ್ಪಂದ) ಮಗುವಿನ ವರದಿಗಳು, ನಿಮ್ಮ ಮನೆಯ ವರದಿ ಎಲ್ಲ ದೆಹಲಿಯ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರಕ್ಕೆ ಬಂದು ಒಪ್ಪಿಗೆ ಸಿಗಬೇಕು. ಈ ಪ್ರಾಧಿಕಾರವನ್ನು ಎಲ್ಲರೂ ಕರೆಯುವುದು 'ಕಾರಾ' ಅಂತ. ಮಗುವಿನ ಹತ್ತಿರ ಆ ದೇಶದ ಪಾಸ್‌ಪೋರ್ಟ್ ಇದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ವೀಸಾ ತೆಗೆದುಕೊಳ್ಳಬೇಕು. ಕೇಂದ್ರ ಗೃಹ ಸಚಿವಾಲಯದ ವಿದೇಶಿಯರ ವಿಭಾಗದಿಂದ ವಲಸೆ ಅನುಮತಿಯೂ ಬೇಕು. ಮೇಲಾಗಿ ಒಂದೊಂದೇ ದೇಶ ಬಾಗಿಲು ಹಾಕುತ್ತಿದೆ. ಇಥಿಯೋಪಿಯಾ 2018ರಲ್ಲಿ ನಿಲ್ಲಿಸಿತು. ಚೀನಾ 2024ರಲ್ಲಿ ನಿಲ್ಲಿಸಿತು, ಹತ್ತಿರದ ಸಂಬಂಧಿಗಳಿಗೆ ಮಾತ್ರ ವಿನಾಯಿತಿ. ನನ್ನ ಮಟ್ಟಿಗೆ ಹೇಳುವುದಾದರೆ, ಹೊರದೇಶದಲ್ಲಿರುವ ಸ್ವಂತ ಅಣ್ಣ ತಂಗಿಯ ಮಗುವಿನಂಥ ಕಾರಣ ಇದ್ದರೆ ಮಾತ್ರ ಈ ದಾರಿ ಹಿಡಿಯುವುದರಲ್ಲಿ ಅರ್ಥ ಇದೆ.

ಇದರ ಉಲ್ಟಾ ಕೇಸು ಬೆಂಗಳೂರಿನ ಮನೆಗಳಲ್ಲಿ ಜಾಸ್ತಿ: ಮಗ ಸೊಸೆ ಅಮೆರಿಕದಲ್ಲೋ ಜರ್ಮನಿಯಲ್ಲೋ ಇದ್ದಾರೆ, ಮಗು ಇಲ್ಲಿಂದ ಬೇಕು. ಅವರಿಗೂ ಇಲ್ಲಿರುವ ನಮಗೂ ಸರದಿಯಲ್ಲಿ ಸಮಾನ ಸ್ಥಾನ. ಆದರೆ ಅವರು ತಾವಿರುವ ದೇಶದ ಅಧಿಕೃತ ಏಜೆನ್ಸಿ ಮೂಲಕವೇ ಹೋಗಬೇಕು. ಮಗುವನ್ನು ಕರೆದುಕೊಂಡು ಹೋಗುವ ಮುಂಚೆ ಕಾರಾದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು.

ಇನ್ನು ಮುಂದೆ ಹೇಳುವುದೆಲ್ಲ ಇಲ್ಲೇ ಇದ್ದು, ಇಲ್ಲಿಯ ಮಗುವಿಗೇ ಕಾಯುವವರ ವಿಷಯ.

ಹೆಸರು ಕೊಡುವ ತಿಂಗಳು

ನೋಂದಣಿ ಕಾರಾದ ವೆಬ್‌ಸೈಟಿನಲ್ಲಿ ಮಾತ್ರ. ಬೇರೆ ಯಾರ ಹತ್ತಿರವೂ ಹೆಸರು ಬರೆಸಬೇಕಾಗಿಲ್ಲ. ಮದುವೆಯಾಗಿ ಎರಡು ವರ್ಷ ಆಗಿರಬೇಕು, ಇಬ್ಬರೂ ಒಪ್ಪಿರಬೇಕು. ಒಂಟಿ ಹೆಂಗಸರು ಗಂಡು ಹೆಣ್ಣು ಯಾವ ಮಗುವನ್ನಾದರೂ ತೆಗೆದುಕೊಳ್ಳಬಹುದು. ಒಂಟಿ ಗಂಡಸರಿಗೆ ಹೆಣ್ಣು ಮಗು ಕೊಡುವುದಿಲ್ಲ.

ವಯಸ್ಸಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. ಗಂಡ ಹೆಂಡತಿ ಇಬ್ಬರ ವಯಸ್ಸನ್ನೂ ಕೂಡಿಸಿ ನೋಡುತ್ತಾರೆ. 2 ವರ್ಷದೊಳಗಿನ ಮಗುವಿಗೆ ಆ ಮೊತ್ತ 85 ದಾಟಬಾರದು. 2ರಿಂದ 4 ವರ್ಷದ ಮಗುವಿಗೆ 90, 4ರಿಂದ 8ಕ್ಕೆ 100, ಅದಕ್ಕಿಂತ ದೊಡ್ಡ ಮಕ್ಕಳಿಗೆ 110. ಒಬ್ಬರೇ ಇದ್ದರೆ ಇದರ ಮಿತಿ 40, 45, 50, 55. ನಾವು ಹೆಸರು ಕೊಟ್ಟಾಗ ನನಗೆ 36, ಇವರಿಗೆ 41. ಒಟ್ಟು 77. "ಇನ್ನೊಂದು ಪ್ರಮೋಷನ್ ಆಗಲಿ, ಸ್ವಂತ ಮನೆ ಆಗಲಿ" ಅಂತ ಮುಂದಕ್ಕೆ ಹಾಕುವವರು ಈ ಮೊತ್ತ ವರ್ಷಕ್ಕೆ ಒಂದಲ್ಲ, ಎರಡೆರಡು ಏರುತ್ತದೆ ಅನ್ನುವುದನ್ನು ಮರೆಯುತ್ತಾರೆ. ಬಾಡಿಗೆ ಮನೆ ಅಡ್ಡಿಯೇ ಅಲ್ಲ, ನಮ್ಮದು ಈಗಲೂ ಬಾಡಿಗೆ ಮನೆಯೇ.

ನೋಂದಣಿ ಆದ ಮೇಲೆ ಕಾಗದ ಪತ್ರ ಹಾಕಲು 30 ದಿನ ಕೊಡುತ್ತಾರೆ. ಪ್ಯಾನ್, ಹುಟ್ಟಿದ ದಿನದ ದಾಖಲೆ, ವಿಳಾಸದ ದಾಖಲೆ, ಆದಾಯದ ದಾಖಲೆ, ಫೋಟೊ, ಮದುವೆ ನೋಂದಣಿ ಪತ್ರ, ಮಾರಕ ಅಥವಾ ಅಂಟುರೋಗ ಇಲ್ಲ ಅಂತ ಡಾಕ್ಟರು ಕೊಟ್ಟ ಪತ್ರ, ಪರಿಚಯದವರೋ ನೆಂಟರೋ ಬರೆದ ಎರಡು ಪತ್ರ. ಇಷ್ಟೂ ಕೈಯಲ್ಲಿ ಇಟ್ಟುಕೊಂಡೇ ನೋಂದಣಿ ಮಾಡಿ. ನಮ್ಮ ಮದುವೆ ಕಲ್ಯಾಣ ಮಂಟಪದಲ್ಲಿ ಆಗಿತ್ತು, ರಿಜಿಸ್ಟರ್ ಆಗಿರಲಿಲ್ಲ. ಆ ಒಂದು ಪತ್ರಕ್ಕೆ ನಾನು ಎರಡು ದಿನ ರಜೆ ಹಾಕಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಅಲೆದೆ. ಸಾಕ್ಷಿ ಹಾಕಬೇಕಾದ ನಾದಿನಿಗೆ ಅದೇ ವಾರ ಪರೀಕ್ಷೆ ಡ್ಯೂಟಿ.

ಮೊಬೈಲ್ ನಂಬರಿನ ಬಗ್ಗೆ ಒಂದು ಮಾತು, ಇದು ನಮ್ಮದೇ ತಪ್ಪು. ಫಾರಂನಲ್ಲಿ ಇವರು ತಮ್ಮ ಕಂಪನಿ ಕೊಟ್ಟ ಸಿಮ್ ನಂಬರ್ ಹಾಕಿದ್ದರು. 2022ರಲ್ಲಿ ಕೆಲಸ ಬಿಟ್ಟು ಇನ್ನೊಂದು ಕಡೆ ಸೇರಿದಾಗ ಸಿಮ್ ವಾಪಸ್ ಕೊಟ್ಟುಬಂದರು. ನಾಲ್ಕು ತಿಂಗಳಾದ ಮೇಲೆ ಒಂದು ರಾತ್ರಿ ಪಲ್ಯಕ್ಕೆ ಬೀನ್ಸ್ ಹೆಚ್ಚುವಾಗ ನನಗೆ ನೆನಪಾಯಿತು, ಮೆಸೇಜೆಲ್ಲ ಆ ನಂಬರಿಗೆ ತಾನೇ ಬರಬೇಕು? ಆ ರಾತ್ರಿ ಇಬ್ಬರೂ ಊಟ ಮಾಡಲಿಲ್ಲ. ಪುಣ್ಯಕ್ಕೆ ಅಷ್ಟರಲ್ಲಿ ಏನೂ ಬಂದಿರಲಿಲ್ಲ. ನಿಮ್ಮ ಸ್ವಂತ ನಂಬರ್, ನಿಮ್ಮ ಸ್ವಂತ ಈಮೇಲ್ ಕೊಡಿ. ಆಫೀಸಿನದು ಬೇಡವೇ ಬೇಡ.

ಮನೆ ನೋಡಲು ಬರುವವರು

ಕಾಗದಗಳೆಲ್ಲ ಸರಿ ಇದ್ದರೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಮಾತಾಡಿ ಒಂದು ವರದಿ ಬರೆಯುತ್ತಾರೆ. ಹೋಮ್ ಸ್ಟಡಿ ಅನ್ನುತ್ತಾರೆ. ಹತ್ತಿರದ ವಿಶೇಷ ದತ್ತು ಸಂಸ್ಥೆಯಿಂದಲೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದಲೋ ಬರುತ್ತಾರೆ. ನಮ್ಮ ಮನೆಗೆ ಬಂದದ್ದು 2021ರ ಜನವರಿಯಲ್ಲಿ, ಮಾಸ್ಕ್ ಹಾಕಿಕೊಂಡು. ನಾನು ಮೂರು ದಿನದಿಂದ ಮನೆ ತಿಕ್ಕಿ ತೊಳೆದಿದ್ದೆ. ಆಕೆ ಶೋಕೇಸ್ ಕಡೆ ತಿರುಗಿಯೂ ನೋಡಲಿಲ್ಲ. ಕೇಳಿದ್ದು ಇಷ್ಟು: ಇಬ್ಬರೂ ಕೆಲಸಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಯಾರು? ಮಗುವಿಗೆ ಜ್ವರ ಬಂದ ದಿನ ರಜೆ ಹಾಕುವವರು ಯಾರು? ಅತ್ತೆಗೆ ಮನಸ್ಸಿದೆಯಾ? ಮುಂದೆ ಮಗುವಿಗೆ ವಿಷಯ ಯಾವಾಗ ಹೇಳುತ್ತೀರಿ?

ಈ ಮೊದಲಿನ ಎರಡು ಪ್ರಶ್ನೆಗೆ "ನೋಡಿಕೊಳ್ಳುತ್ತೇವೆ ಮೇಡಂ" ಅಂದರೆ ಅದು ಉತ್ತರ ಅಲ್ಲ. ಮೊದಲೇ ಕೂತು ಮಾತಾಡಿಕೊಂಡಿರಿ. ನಾವು ಹೇಳಿದ್ದು: ಮೊದಲ ಎರಡು ತಿಂಗಳು ನಾನು, ಆಮೇಲೆ ತುಮಕೂರಿನಿಂದ ಅತ್ತೆ ಬರುತ್ತಾರೆ, ಇವರು ಮೂರು ತಿಂಗಳು ಬೆಳಗಿನ ಶಿಫ್ಟ್ ಕೇಳಿ ಹಾಕಿಸಿಕೊಳ್ಳುತ್ತಾರೆ. ಆಕೆ ಅದನ್ನೇ ಬರೆದುಕೊಂಡರು. ಮೂರು ವರ್ಷದ ಮೇಲೆ ನಡೆದದ್ದೂ ಹೆಚ್ಚುಕಮ್ಮಿ ಹಾಗೇ.

ಈ ವರದಿಗೆ ಮೂರು ವರ್ಷ ಆಯಸ್ಸು. ಆಮೇಲೆ ಮತ್ತೆ ಊರ್ಜಿತ ಮಾಡಿಸಬೇಕು. ಮುಗಿಯುವುದಕ್ಕೆ ಎರಡು ತಿಂಗಳು ಇರುವಾಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನಮ್ಮದು 2024ರ ಜನವರಿಯಲ್ಲಿ ಮತ್ತೆ ಆಯಿತು, ಕರೆ ಬಂದದ್ದು ಮಾರ್ಚ್‌ನಲ್ಲಿ.

ದುಡ್ಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಾರಾ ನಿಗದಿ ಮಾಡಿದ ಶುಲ್ಕ ವೆಬ್‌ಸೈಟಿನಲ್ಲೇ ಇದೆ. ಅಷ್ಟು ಕಟ್ಟಿ, ರಸೀದಿ ತೆಗೆದುಕೊಳ್ಳಿ. ದೇಣಿಗೆ ಗೀಣಿಗೆ ಏನೂ ಇಲ್ಲ. ಕಾದು ಬೇಸತ್ತವರ ವಾಸನೆ ಹಿಡಿದು ಬರುವವರು ಈ ಊರಲ್ಲಿ ಇದ್ದಾರೆ. "ನಮಗೆ ಗೊತ್ತಿರೋ ನರ್ಸಿಂಗ್ ಹೋಮ್‌ನಲ್ಲಿ ಒಂದು ಹುಡುಗಿ..." ಅಂತ ಮಾತು ಶುರುವಾದ ಕೂಡಲೇ ಎದ್ದು ಬನ್ನಿ. ಬಾಲ ನ್ಯಾಯ ಕಾಯ್ದೆಯ ವಿಧಾನ ಬಿಟ್ಟು ಅನಾಥ ಮಗುವನ್ನು ಕೊಟ್ಟರೂ ತೆಗೆದುಕೊಂಡರೂ 3 ವರ್ಷದವರೆಗೆ ಜೈಲು, ಮಾರಾಟ ಖರೀದಿ ಆದರೆ 5 ವರ್ಷದವರೆಗೆ. ಜೈಲಿಗಿಂತ ದೊಡ್ಡ ಭಯ ಬೇರೆ ಇದೆ. ಹಾಗೆ ಬಂದ ಮಗುವನ್ನು ಯಾವತ್ತು ಬೇಕಾದರೂ ನಿಮ್ಮ ತೋಳಿನಿಂದ ತೆಗೆದುಕೊಂಡು ಹೋಗಬಹುದು.

ಆಫೀಸಿನಲ್ಲಿ ಯಾರಿಗೆ ಹೇಳಬೇಕು, ಯಾವಾಗ

ನಾನು ಒಂದೂವರೆ ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದರೆ ದೊಡ್ಡ ಕ್ಲೈಂಟ್‌ಗಳನ್ನು ನನ್ನಿಂದ ತೆಗೆದುಬಿಡುತ್ತಾರೆ ಅನ್ನುವ ಹೆದರಿಕೆ. ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಆದರೆ ಹೇಳದೇ ಇದ್ದದ್ದರಿಂದ ಆದ ಕಷ್ಟ ಬೇರೆ. ಹೊಸೂರಿನ ಒಂದು ಫ್ಯಾಕ್ಟರಿ ಆಡಿಟ್‌ಗೆ ಹೋಗಿದ್ದಾಗ ಎರಡು ದಿನ ನೆಟ್‌ವರ್ಕ್ ಇಲ್ಲದ ಗೋಡೌನಿನಲ್ಲಿ ಸ್ಟಾಕ್ ಎಣಿಸುತ್ತಾ, ಪ್ರತಿ ಅರ್ಧ ಗಂಟೆಗೆ ಗೇಟಿನ ಹತ್ತಿರ ಹೋಗಿ ಫೋನ್ ನೋಡಿ ಬರುತ್ತಿದ್ದೆ. ಸೆಕ್ಯೂರಿಟಿಯವನು ಬೀಡಿ ಸೇದೋ ಹೆಂಗಸು ಅಂದುಕೊಂಡಿರಬೇಕು.

ನನ್ನ ಸಲಹೆ: ಹೋಮ್ ಸ್ಟಡಿ ಮುಗಿದ ಮೇಲೆ ಇಬ್ಬರಿಗೆ ಹೇಳಿ. ಒಬ್ಬರು ನಿಮಗೆ ರಜೆ ಕೊಡುವವರು. ಇನ್ನೊಬ್ಬರು ನೀವಿಲ್ಲದಾಗ ನಿಮ್ಮ ಕೆಲಸ ಎತ್ತಿಕೊಳ್ಳುವವರು. ಮೂರನೆಯವರಿಗೆ ಹೇಳುವ ಮುಂಚೆ ಯೋಚನೆ ಮಾಡಿ, ಯಾಕೆಂದರೆ ಮೂರನೆಯವರಿಂದ ಅದು ಕ್ಯಾಂಟೀನಿಗೆ ಹೋಗುತ್ತದೆ. ಆಮೇಲೆ ಮೂರು ವರ್ಷ ದಿನಾ ಬೆಳಿಗ್ಗೆ "ಏನಾಯ್ತು, ಸಿಕ್ತಾ?" ಕೇಳಿಸಿಕೊಳ್ಳಬೇಕು.

ಹೇಳುವಾಗ ರಜೆ ಕೇಳಬೇಡಿ, ಲೆಕ್ಕ ಹೇಳಿ. ನಾನು ನಮ್ಮ ಬಾಸ್‌ಗೆ ಹೇಳಿದ್ದು ಹೀಗೆ: "ಸರ್, ಇದು ಇನ್ನೂ ಎರಡು ವರ್ಷ ಆಗಬಹುದು. ಆದರೆ ಕರೆ ಬಂದ ದಿನ ನನಗೆ 48 ಗಂಟೆ ಅಷ್ಟೇ ಇರುತ್ತದೆ. ಆಮೇಲೆ ಕೆಲವೇ ವಾರದಲ್ಲಿ ಮಗು ಮನೆಗೆ. ಅಲ್ಲಿಯ ತನಕ ಎಲ್ಲ ಎಂದಿನಂತೆ." ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾರ್ಚ್‌ನಲ್ಲಿ ಬರದಿದ್ದರೆ ಸಾಕಮ್ಮ" ಅಂದರು. ಬಂದದ್ದು ಮಾರ್ಚ್‌ನಲ್ಲೇ.

ಕೆಲಸ ಎತ್ತಿಕೊಳ್ಳುವವರಿಗೆ ಒಂದು ನೋಟ್‌ಬುಕ್ ಇಡಿ. ಒಂದು ಕ್ಲೈಂಟಿಗೆ ಒಂದು ಪುಟ. ಪಾಸ್‌ವರ್ಡ್ ಯಾರ ಹತ್ತಿರ ಇದೆ, 7ನೇ ತಾರೀಖು ಯಾರದು ಟಿಡಿಎಸ್, 20ನೇ ತಾರೀಖು ಯಾರದು ಜಿಎಸ್‌ಟಿ, ಯಾವ ಮಾಲೀಕರು ಫೋನ್ ಎತ್ತುವುದಿಲ್ಲ, ಅವರ ಮನೆಯಲ್ಲಿ ಯಾರಿಗೆ ಮಾಡಬೇಕು. ತಿಂಗಳ ಕೊನೆಯ ಶನಿವಾರ ಇಪ್ಪತ್ತು ನಿಮಿಷ ಕೂತು ಅದನ್ನು ತಿದ್ದಿ. ನೀವು ಬೇರೆ ಕೆಲಸದಲ್ಲಿದ್ದರೆ ಪುಟದ ತಲೆಬರಹ ಬದಲಾಗುತ್ತದೆ ಅಷ್ಟೇ.

ರಜೆ: ಕಾನೂನಿನಲ್ಲಿರುವುದು ಮತ್ತು ಕೈಗೆ ಸಿಗುವುದು

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದು ದತ್ತು ತಾಯಿಗೂ 12 ವಾರದ ರಜೆ ಸೇರಿಸಿದರು. ಮಗು ಕೈಗೆ ಬಂದ ದಿನದಿಂದ ಲೆಕ್ಕ. ಆದರೆ ಮಗು ಮೂರು ತಿಂಗಳಿಗಿಂತ ಚಿಕ್ಕದಿರಬೇಕು ಅಂತ ಬರೆದರು. ಇದರ ತಮಾಷೆ ನೋಡಿ. ಹೆತ್ತವರು ಮಗುವನ್ನು ಒಪ್ಪಿಸಿದರೆ ಮನಸ್ಸು ಬದಲಾಯಿಸಲು ಅವರಿಗೆ 60 ದಿನ ಕೊಡಬೇಕು. ಬಿಟ್ಟುಹೋದ ಮಗುವಾದರೆ ಹೆತ್ತವರನ್ನು ಹುಡುಕಬೇಕು, ಪೇಪರಿನಲ್ಲಿ ಹಾಕಬೇಕು. ಅದೆಲ್ಲ ಆದ ಮೇಲೆ ಮಕ್ಕಳ ಕಲ್ಯಾಣ ಸಮಿತಿ ದತ್ತು ಕೊಡಬಹುದು ಅಂತ ಘೋಷಿಸಬೇಕು. ಆಮೇಲೆ ನಿಮಗೆ ಕರೆ. ಇಷ್ಟೂ ಮುಗಿದು ಮಗು ಮನೆಗೆ ಬರುವಾಗ ಮೂರು ತಿಂಗಳು ದಾಟದೇ ಇರುವುದು ಲಾಟರಿ ಹೊಡೆದ ಹಾಗೆ. ಆ ಮಿತಿಯನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದ್ದೂ ಇದೇ ಕಾರಣಕ್ಕೆ. ನಮ್ಮ ಮಗಳು ಬಂದಾಗ ಅವಳಿಗೆ 14 ತಿಂಗಳು. ಕಾನೂನಿನ ಲೆಕ್ಕದಲ್ಲಿ ನನಗೆ ಒಂದು ದಿನವೂ ಇರಲಿಲ್ಲ.

ಅದಕ್ಕೇ ನೀವು ಮಾಡಬೇಕಾದದ್ದು: ಈಗಿನ ನಿಯಮ ಏನು, ನಿಮ್ಮ ಕಂಪನಿಯ ಪಾಲಿಸಿ ಏನು ಅಂತ ಎಚ್‌ಆರ್ ಹತ್ತಿರ ಬರಹದಲ್ಲಿ ಕೇಳಿ. ಬಾಯಿಮಾತು ಬೇಡ. ದೊಡ್ಡ ಐಟಿ ಕಂಪನಿಗಳಲ್ಲಿ ಕಾನೂನಿಗಿಂತ ಜಾಸ್ತಿ ಕೊಡುವ ಪಾಲಿಸಿ ಇರುತ್ತದೆ. ಮಗುವಿನ ವಯಸ್ಸಿನ ಮಿತಿ ಇದೆಯಾ, ರಜೆ ಮಗು ಮನೆಗೆ ಬಂದ ದಿನದಿಂದಲೋ ದತ್ತು ಆದೇಶದ ದಿನದಿಂದಲೋ, ತಂದೆಗೆ ಎಷ್ಟು ದಿನ, ಈ ಮೂರನ್ನು ಬಿಡಿಸಿ ಕೇಳಿ. ಖಾಸಗಿ ಕೆಲಸದ ಗಂಡಸರಿಗೆ ಕಾನೂನಿನಿಂದ ರಜೆ ಇಲ್ಲ, ಕಂಪನಿ ಕೊಟ್ಟರೆ ಉಂಟು. ಕೇಂದ್ರ ಸರ್ಕಾರಿ ನೌಕರರ ಸ್ಥಿತಿ ವಾಸಿ. ಒಂದು ವರ್ಷದೊಳಗಿನ ಮಗುವಾದರೆ ತಾಯಿಗೆ 180 ದಿನ, ತಂದೆಗೆ 15 ದಿನ.

50 ಜನಕ್ಕಿಂತ ಕಡಿಮೆ ಇರುವ ಕಡೆ ಶಿಶುಪಾಲನಾ ಕೊಠಡಿಯನ್ನೂ ಕೇಳುವ ಹಾಗಿಲ್ಲ. ನಮ್ಮಲ್ಲಿ ಇದ್ದದ್ದು 18 ಜನ. ಹಾಗಾಗಿ ನಾನು ಹಿಡಿದ ದಾರಿ ಲೆಕ್ಕದವರ ದಾರಿ. ವರ್ಷಕ್ಕೆ ಎಂಟು ಹತ್ತು ದಿನ ಗಳಿಕೆ ರಜೆ ಉಳಿಸಿಕೊಂಡು ಬಂದೆ. ಎಷ್ಟು ದಿನ ಮುಂದಿನ ವರ್ಷಕ್ಕೆ ಹೋಗುತ್ತದೆ, ಎಷ್ಟು ಸಾಯುತ್ತದೆ ಅಂತ ಮೊದಲೇ ಕೇಳಿಟ್ಟುಕೊಂಡಿದ್ದೆ. ಕೊನೆಗೆ ಉಳಿಸಿದ ರಜೆ, ಸ್ವಲ್ಪ ದಿನ ಸಂಬಳವಿಲ್ಲದ ರಜೆ, ಅದರ ಮೇಲೆ ಮನೆಯಿಂದ ಕೆಲಸ, ಎಲ್ಲ ಸೇರಿಸಿ ಎಂಟು ವಾರ ಹೊಂದಿಸಿದೆ. ಸಂಬಳವಿಲ್ಲದ ದಿನಗಳಿಗೆ ಬೇಕಾಗುವ ದುಡ್ಡನ್ನು ಬೇರೆ ಆರ್‌ಡಿ ಮಾಡಿ ಕೂಡಿಟ್ಟಿದ್ದೆ. ಆ ಖಾತೆಯ ಹೆಸರು ನಮ್ಮ ಮನೆಯಲ್ಲಿ 'ತೊಟ್ಟಿಲು'.

ಆನ್‌ಸೈಟ್, ಹೊಸ ಕೆಲಸ, ವರ್ಗಾವಣೆ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬೆಂಗಳೂರಿನಲ್ಲಿ ಮೂರು ವರ್ಷ ಒಂದೇ ಕೆಲಸದಲ್ಲಿ, ಒಂದೇ ಮನೆಯಲ್ಲಿ ಇರುವವರು ಎಷ್ಟು ಜನ?

ಹದಿನೈದು ದಿನದ ವಿದೇಶ ಪ್ರವಾಸ ಆದರೆ ತೊಂದರೆ ಇಲ್ಲ, ಅಲ್ಲಿಂದಲೂ ಕಾರಾದ ಪೋರ್ಟಲ್ ನೋಡಬಹುದು. ಆದರೆ ಎರಡು ವರ್ಷಕ್ಕೆ ಆನ್‌ಸೈಟ್ ಹೋದರೆ ನೀವು ಇಲ್ಲಿಯ ನಿವಾಸಿ ಅಲ್ಲ, ಅನಿವಾಸಿ. ಆಗ ಮನೆಯ ವರದಿಯನ್ನು ಆ ದೇಶದ ಅಧಿಕೃತ ಏಜೆನ್ಸಿ ಹೊಸದಾಗಿ ಬರೆಯಬೇಕಾಗುತ್ತದೆ. ಟಿಕೆಟ್ ಬುಕ್ ಮಾಡುವ ಮುಂಚೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ, ಉತ್ತರವನ್ನು ಈಮೇಲ್‌ನಲ್ಲಿ ತೆಗೆದುಕೊಳ್ಳಿ. ಸರದಿ ಹತ್ತಿರ ಬಂದಿದ್ದರೆ ನಾನಾದರೆ ಹೋಗುವುದಿಲ್ಲ. ದುಡ್ಡು ಬರುತ್ತದೆ ನಿಜ. ಆದರೆ ಮೂರು ವರ್ಷ ನಿಂತ ಕ್ಯೂನಲ್ಲಿ ಕಾಗದ ಮತ್ತೆ ಮೊದಲಿಂದ ಶುರು ಮಾಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಕೆಲಸ ಬದಲಾಯಿಸುವುದಕ್ಕೆ ಅಡ್ಡಿ ಇಲ್ಲ. ಇವರು ಬದಲಾಯಿಸಿದರು, ಏನೂ ಆಗಲಿಲ್ಲ, ಸಿಮ್ ಕಥೆ ಒಂದು ಬಿಟ್ಟು. ಆದರೆ ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಹಿಂದಿನ 12 ತಿಂಗಳಲ್ಲಿ 80 ದಿನವಾದರೂ ಕೆಲಸ ಮಾಡಿರಬೇಕು ಅನ್ನುವ ಷರತ್ತು ಇದೆ. ಹೊಸ ಕಡೆ ಪ್ರೊಬೇಷನ್‌ನಲ್ಲಿ ರಜೆ ಸಿಗದೆಯೂ ಇರಬಹುದು. ಸರದಿಯ ಕೊನೆಯ ಆರು ತಿಂಗಳಲ್ಲಿ ಹೆಂಡತಿ ಗಂಡ ಇಬ್ಬರೂ ಒಟ್ಟಿಗೆ ಹೊಸ ಕೆಲಸಕ್ಕೆ ಸೇರಬೇಡಿ. ಮನೆ ಬದಲಾಯಿಸಿದರೆ ಹೊಸ ವಿಳಾಸವನ್ನು ತಿಳಿಸಿ.

ಕಾಯುವ ವರ್ಷಗಳು

2024-25ರಲ್ಲಿ ಕಾರಾ ಮೂಲಕ ದತ್ತು ಹೋದ ಮಕ್ಕಳು 4,515. ಅದರಲ್ಲಿ ದೇಶದೊಳಗೇ ಉಳಿದವರು 4,155. ಕಾಯುವ ಕುಟುಂಬಗಳು 30 ಸಾವಿರಕ್ಕೂ ಜಾಸ್ತಿ. ಭಾಗಾಕಾರ ನೀವೇ ಮಾಡಿಕೊಳ್ಳಿ. ಚಿಕ್ಕ, ಆರೋಗ್ಯವಂತ ಮಗು ಬೇಕು ಅಂದವರ ಸಾಲು ಉದ್ದ. ದೊಡ್ಡ ಮಕ್ಕಳು, ವಿಶೇಷ ಅಗತ್ಯದ ಮಕ್ಕಳು, ಜೊತೆಗೇ ಹೋಗಬೇಕಾದ ಅಕ್ಕ ತಮ್ಮಂದಿರು, ಇವರ ಕಡೆ ಸಾಲೇ ಇಲ್ಲ ಅನ್ನಬಹುದು. ಆದರೆ ಬೇಗ ಆಗಲಿ ಅಂತ ಮಾತ್ರ ಆ ಕಡೆ ಹೋಗಬೇಡಿ. ಅದಕ್ಕೆ ಬೇಕಾದ ಮನಸ್ಸು ಬೇರೆ, ಸಮಯವೂ ಬೇರೆ.

ಪೋರ್ಟಲ್‌ನಲ್ಲಿ ನಿಮ್ಮ ಸರದಿಯ ಸಂಖ್ಯೆ ಕಾಣುತ್ತದೆ. ಮೊದಲ ವರ್ಷ ನಾನು ದಿನಕ್ಕೆ ಮೂರು ಸಲ ನೋಡುತ್ತಿದ್ದೆ, ಕಾಫಿ ಬ್ರೇಕ್‌ನಲ್ಲಿ, ಊಟಕ್ಕೆ ಮುಂಚೆ, ಮೆಟ್ರೊದಲ್ಲಿ. ಒಂದೊಂದು ವಾರ ಅದು ಅಲ್ಲಾಡುವುದೇ ಇಲ್ಲ. ಒಂದು ಸಲ ಹಾಗೆ ನೋಡುತ್ತಾ ಕೂತು ಒಂದು ರಿಟರ್ನ್‌ನಲ್ಲಿ ಸೊನ್ನೆ ಒಂದು ಜಾಸ್ತಿ ಹಾಕಿಬಿಟ್ಟೆ. ಆಮೇಲೆ ಗುರುವಾರ ರಾತ್ರಿ ಊಟ ಆದ ಮೇಲೆ, ಇಬ್ಬರೂ ಒಟ್ಟಿಗೆ, ವಾರಕ್ಕೆ ಒಂದೇ ಸಲ ಅಂತ ಮಾಡಿಕೊಂಡೆವು. ಸರದಿ ತೀರಾ ಹತ್ತಿರ ಬಂದಾಗ ದಿನಕ್ಕೆ ಒಂದು ಸಲ. ರೆಫರಲ್ ಬಂದರೆ, ಅಂದರೆ ನಿಮಗೆ ಅಂತ ಒಂದು ಮಗುವಿನ ವಿವರ ತೋರಿಸಿದರೆ, ಮೆಸೇಜ್ ಬರುತ್ತದೆ, ನಿಮ್ಮ ನಂಬರ್ ಸರಿ ಇದ್ದರೆ.

ಆಫೀಸಿನಲ್ಲಿ ಯಾರದೋ ಸೀಮಂತದ ಕೇಕ್ ಕತ್ತರಿಸುವ ದಿನ ಕಷ್ಟ ಆಗುತ್ತದೆ. ಹೋಗಲೇಬೇಕು ಅಂತೇನೂ ಇಲ್ಲ. ದುಡ್ಡು ಹಾಕಿ, ಬ್ಯಾಂಕ್ ಕೆಲಸ ಇದೆ ಅಂತ ಹೊರಗೆ ಹೋಗಿ ಒಂದು ಮಸಾಲೆ ದೋಸೆ ತಿಂದು ಬಂದರೆ ಆಕಾಶ ಬೀಳುವುದಿಲ್ಲ. ನಾನು ಎರಡು ಸಲ ಹಾಗೆ ಮಾಡಿದ್ದೇನೆ.

ನೆಂಟರ ವಿಷಯಕ್ಕೆ ಈಗಲೇ ಸಮಯ ಕೊಡಿ. "ಯಾವ ಜಾತಿಯದೋ ಏನೋ" ಅನ್ನುವ ಮಾತು ಮಗು ಬಂದ ಮೇಲೆ ಕೇಳುವುದಕ್ಕಿಂತ ಮುಂಚೆಯೇ ಕೇಳಿಸಿಕೊಂಡು ಮುಗಿಸುವುದು ವಾಸಿ. ನಮ್ಮ ಅತ್ತೆ ಮೊದಲು 'ಸಾಕು ಮಗು' ಅನ್ನುತ್ತಿದ್ದರು. ಎರಡು ವರ್ಷ ಅದೇ ಮಾತು ಕೇಳಿ ಕೇಳಿ ಒಂದು ದಿನ ಇವರೇ, "ಅಮ್ಮಾ, ಹಸು ಸಾಕ್ತಾರೆ" ಅಂದರು. ಅದೇ ಕೊನೆ.

48 ಗಂಟೆ

ನಮಗೆ ಮೆಸೇಜ್ ಬಂದದ್ದು ಮಾರ್ಚ್ ಕೊನೆಯ ವಾರ, ಮಧ್ಯಾಹ್ನ ಮೂರೂವರೆಗೆ. ಟೇಬಲ್ ಮೇಲೆ ಐದು ಕ್ಲೈಂಟ್‌ಗಳ ಫೈಲು. ಪೋರ್ಟಲ್ ತೆರೆದರೆ ಒಂದು ಫೋಟೊ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ. 48 ಗಂಟೆಯೊಳಗೆ ಕಾಯ್ದಿರಿಸಬೇಕು, ಅಥವಾ ಬೇಡ ಅನ್ನಬೇಕು. ಒಟ್ಟು ಮೂರು ರೆಫರಲ್ ಸಿಗುತ್ತದೆ. ಮೂರನ್ನೂ ಬೇಡ ಅಂದರೆ ಒಂದು ವರ್ಷ ಪಕ್ಕಕ್ಕೆ ನಿಲ್ಲಿಸುತ್ತಾರೆ.

ಆ ಎರಡು ದಿನಕ್ಕೆ ಮೊದಲೇ ತಯಾರಿ ಮಾಡಿಕೊಳ್ಳಿ. ಪೋರ್ಟಲ್ ಪಾಸ್‌ವರ್ಡ್ ಇಬ್ಬರ ಹತ್ತಿರವೂ ಇರಲಿ. ಒಬ್ಬ ಮಕ್ಕಳ ಡಾಕ್ಟರ ಹತ್ತಿರ ಮೊದಲೇ ಹೋಗಿ, "ಒಂದು ದಿನ ಇದ್ದಕ್ಕಿದ್ದ ಹಾಗೆ ಒಂದು ರಿಪೋರ್ಟ್ ಕಳಿಸುತ್ತೇವೆ, ನೋಡಿ ಹೇಳುತ್ತೀರಾ?" ಅಂತ ಕೇಳಿಟ್ಟುಕೊಂಡಿರಿ. ನಾವು ಕೇಳಿಟ್ಟಿದ್ದೆವು. ತೂಕ, ತಲೆಯ ಸುತ್ತಳತೆ, ಕೂರುವುದು ನಿಲ್ಲುವುದು, ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆ, ಇವನ್ನು ಡಾಕ್ಟರು ಓದುವ ರೀತಿಯೇ ಬೇರೆ. ತೂಕ ಕಡಿಮೆ ಅಂತ ನೋಡಿ ನನ್ನ ಎದೆ ಒಡೆದುಹೋಗಿತ್ತು. ಆತ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, "ಊಟ ಹಾಕಿ, ಸರಿಹೋಗುತ್ತೆ" ಅಂದರು. ಹತ್ತು ಗಂಟೆಗೆ ಕಾಯ್ದಿರಿಸಿದೆವು.

ಮಗು ಇದ್ದದ್ದು ಬೆಳಗಾವಿ ಕಡೆ. ಮೊದಲ ಭೇಟಿಗೆ ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆವು. ಮಾರ್ಚ್ ಕ್ಲೋಸಿಂಗ್ ನಡುವೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅಪ್ಪರ್ ಬರ್ತ್‌ನಲ್ಲಿ ಕೂತು ಕೆಲಸ ಮಾಡಿದೆ. ಅದು ದಡ್ಡತನ. ಆ ರಾತ್ರಿ ನಿದ್ದೆ ಮಾಡಬೇಕಿತ್ತು. ಬೆಳಿಗ್ಗೆ ಮಗಳು ನನ್ನನ್ನು ನೋಡಿದಳು, ಇವರನ್ನು ನೋಡಿದಳು, ಆಯಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಿನಿಮಾದಲ್ಲಿ ಆಗುವ ಹಾಗೆ ಏನೂ ಆಗಲಿಲ್ಲ.

ಆಯಾ ಹತ್ತಿರ ಕೂತು ಎಲ್ಲ ಬರೆದುಕೊಳ್ಳಿ. ಎಷ್ಟು ಗಂಟೆಗೆ ಮಲಗುತ್ತದೆ, ಬೆನ್ನು ತಟ್ಟಬೇಕೋ ತೊಡೆ ತಟ್ಟಬೇಕೋ, ಅನ್ನ ಎಷ್ಟು ಮೆತ್ತಗಿರಬೇಕು, ಯಾವ ಹೆಸರಿಗೆ ತಿರುಗುತ್ತದೆ. ಕರೆದುಕೊಂಡು ಬರುವ ದಿನ ಮಗು ಹೊದೆಯುತ್ತಿದ್ದ ಬಟ್ಟೆಯೊಂದನ್ನು ಕೇಳಿ ತನ್ನಿ, ಒಗೆಯದೇ. ನಮ್ಮ ಮನೆಯ ಮೊದಲ ಹತ್ತು ರಾತ್ರಿ ದಾಟಿಸಿದ್ದು ಆ ಹಳದಿ ಟವೆಲ್.

ಮನೆಗೆ ಬಂದ ಮೇಲೆ ಕಾಗದ

ನೀವು ಒಪ್ಪಿ ಸಹಿ ಹಾಕಿದ ಹತ್ತು ದಿನದೊಳಗೆ, ಆದೇಶ ಬರುವುದಕ್ಕೆ ಮುಂಚೆಯೇ, ಪೋಷಣೆಗೆ ಅಂತ ಮಗುವನ್ನು ಮನೆಗೆ ಕಳಿಸುತ್ತಾರೆ. ಅದಕ್ಕೊಂದು ಅಫಿಡವಿಟ್. ಮೊದಲು ದತ್ತು ಆದೇಶ ಕೋರ್ಟಿನಿಂದ ಬರಬೇಕಿತ್ತು. 2022ರ ಸೆಪ್ಟೆಂಬರ್‌ನಿಂದ ಅದು ಜಿಲ್ಲಾಧಿಕಾರಿಗಳ ಕೈಗೆ ಬಂದಿದೆ. ಎರಡು ತಿಂಗಳೊಳಗೆ ಮುಗಿಸಬೇಕು ಅಂತ ನಿಯಮ. ಮಗು ಇದ್ದ ಸಂಸ್ಥೆಯ ಜಿಲ್ಲೆಯಲ್ಲೇ ಇದು ನಡೆಯುವುದರಿಂದ ಇನ್ನೊಂದು ಪ್ರಯಾಣಕ್ಕೆ ಎರಡು ದಿನ ರಜೆ ಉಳಿಸಿಕೊಂಡಿರಿ. ನಾನು ಎಲ್ಲ ರಜೆಯನ್ನೂ ಮೊದಲೇ ಖಾಲಿ ಮಾಡಿ, ಆ ಎರಡು ದಿನಕ್ಕೆ ಬಾಸ್ ಮುಂದೆ ಮತ್ತೆ ಕೈಕಟ್ಟಿ ನಿಂತೆ.

ಆದೇಶ ಬಂದ ಮೇಲೆ ನಿಮ್ಮ ಹೆಸರಿರುವ ಜನನ ಪ್ರಮಾಣಪತ್ರ, ಆಮೇಲೆ ಆಧಾರ್, ಆಮೇಲೆ ಆಫೀಸಿನ ಗುಂಪು ವಿಮೆಯಲ್ಲಿ ಮಗುವಿನ ಹೆಸರು, ಪಿಎಫ್ ನಾಮಿನಿ. ವಿಮೆಯಲ್ಲಿ ಹೆಸರು ಸೇರಿಸಲು ಎಷ್ಟು ದಿನದ ಗಡುವು, ಪೋಷಣೆಯ ಅಫಿಡವಿಟ್ ಸಾಕಾ, ಆದೇಶವೇ ಬೇಕಾ ಅಂತ ಎಚ್‌ಆರ್‌ಗೆ ಮುಂಚೆಯೇ ಒಂದು ಸಾಲು ಬರೆದು ಕೇಳಿ. ಹೊಸ ಜಾಗ, ಹೊಸ ನೀರು, ಮೊದಲ ತಿಂಗಳಲ್ಲಿ ಮಕ್ಕಳಿಗೆ ಹುಷಾರು ತಪ್ಪುವುದು ಮಾಮೂಲಿ. ವಿಮೆ ಆಗಲೇ ಬೇಕಾಗುವುದು.

ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ಹೋಗುತ್ತಾರೆ. ಆ ಎರಡು ವರ್ಷದೊಳಗೆ ಕುಟುಂಬ ಸಮೇತ ವಿದೇಶಕ್ಕೆ ಹೋಗುವುದಾದರೆ ಮುಂಚಿತವಾಗಿ ತಿಳಿಸಬೇಕು. ಭೇಟಿ ಸಾಮಾನ್ಯವಾಗಿ ವಾರದ ಕೆಲಸದ ದಿನವೇ ಬರುತ್ತದೆ. ಅರ್ಧ ದಿನ ರಜೆ ಸಾಕು. ಲಸಿಕೆ ಕಾರ್ಡು, ಇತ್ತೀಚಿನ ಎರಡು ಫೋಟೊ, ತೂಕ ಬರೆದ ಚೀಟಿ ತೆಗೆದಿಟ್ಟಿರಿ, ಒಂದು ಲೋಟ ಕಾಫಿ ಮಾಡಿ. ನಮ್ಮ ಮಗಳು ಬಂದವರ ಚೀಲದಿಂದ ಪೆನ್ನು ಕಿತ್ತುಕೊಂಡು ಅವರ ಫಾರಂ ಮೇಲೆ ಗೀಚಿದ್ದಳು. ಅವರು ಇನ್ನೊಂದು ಪ್ರತಿ ತಂದಿದ್ದರು, ಅನುಭವಸ್ಥರು.